ನೆರೆಯವನಾರೆಂಬ ಪ್ರಶ್ನೆ

ಲೂಕನ ಸುವಾರ್ತೆಯಲ್ಲಿ ಬರುವ ಒಂದು ಪ್ರಸಂಗ ನಿಮ್ಮಲ್ಲಿ ಹಲವರಿಗೆ ಪರಿಚಿತವಾದುದು. ಧರ್ಮಶಾಸ್ತ್ರವನ್ನು ಬಲ್ಲವನೊಬ್ಬನು ಯೇಸುಸ್ವಾಮಿಯನ್ನು ಪರೀಕ್ಷಿಸಬೇಕೆಂದು ಬಂದು, ನೆರೆಯವನನ್ನು ಪ್ರೀತಿಸಬೇಕೆಂದು ವಿಧಿಯಿದೆಯಷ್ಟೆ, ಆ ನೆರೆಯವನೆಂದರೆ ಯಾರು, ಎಂದು ಕೇಳುತ್ತಾನೆ. ಇದು ನ್ಯಾಯಸ್ಥಾನದಲ್ಲಿ ಪಳಗಿದವರ ಪ್ರಶ್ನೆ. ನೆರೆಯ ಎಲ್ಲೆ ಎಲ್ಲಿಗೆ ನಿಲ್ಲುತ್ತದೆಂದು ಗೊತ್ತಾದರೆ ತನ್ನ ಕರ್ತವ್ಯವೂ ಅಲ್ಲಿಗೇ ನಿಂತಿತೆಂದು ನೆಮ್ಮದಿಯಿಂದ ಮನೆಗೆ ಹೋಗಬಹುದು. ಸ್ವಾಮಿಯು ಎಲ್ಲೆಯನ್ನು ಗುರುತಿಸಲಿಲ್ಲ. ಒಂದು ಕಥೆಯನ್ನು ಹೇಳಿದನು. ಜೆರೂಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದ ಒಬ್ಬ ಮನುಷ್ಯ; ಅವನನ್ನು ಕಂಡೂ ಪಕ್ಕಕ್ಕೆ ಸರಿದು ಹೋದ ಪುರೋಹಿತ; ಹಾಗೆಯೇ ಮಾಡಿದ ಲೇವಿಯ; ಕೊನೆಗೆ ನಿಂತು ಗಾಯ ಕಟ್ಟಿದವನು, ಯೆಹೂದ್ಯರೊಡನೆ ಹೋಗಿಬರುವ ಬಳಕೆಯೇ ಇಲ್ಲದ ಸಮಾರ್ಯದವನು. ಕಥೆಯನ್ನು ಮುಗಿಸಿ, ಈ ಮೂವರಲ್ಲಿ ನೆರೆಯವನಾದವನು ಯಾರು ಎಂದು ಪ್ರಶ್ನೆಯನ್ನು ಕೇಳಿದವನಿಗೇ ಹಿಂದಿರುಗಿಸಿದನು.

ನಾವು ಕಾಲೇಜುಗಳಲ್ಲಿ ಈ ಕಥೆಯನ್ನು ಇಂಗ್ಲಿಷ್ ಬೈಬಲಿನ ಗದ್ಯಕ್ಕೆ ಮಾದರಿಯೆಂದು ಪಾಠ ಹೇಳುವುದುಂಟು. ಹೇಳಿ ಹೇಳಿ, ಕೇಳಿ ಕೇಳಿ, ಅದರ ಅಲಗು ಸವೆದುಹೋಗಿದೆ. ಕ್ರೈಸ್ತರ ಪ್ರೀತಿ, ಸೇವೆ, ಧೈರ್ಯ ಎಂಬ ಮಾತುಗಳಿಗೂ ಅದೇ ಗತಿ. ಸಭೆಗಳಲ್ಲಿ ಹೂಮಾಲೆಗಳಂತೆ ಬಳಸಿ ಬಾಡಿಸಿದ ಮಾತುಗಳು ಅವು. ಅವಕ್ಕೆ ಅರ್ಥವೇನೆಂದು ತಿಳಿಯಬೇಕಾದರೆ, ಹಾಗೆ ನಡೆದುಕೊಂಡರೆ ತಲೆಹೋಗಬಹುದಾಗಿದ್ದ ಒಂದು ಸ್ಥಳಕ್ಕೆ ಹೋಗಿ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದ ಫ್ರಾನ್ಸ್ ದೇಶದಲ್ಲಿ ಅಂಥದೊಂದು ಸ್ಥಳವಿತ್ತು. ಅದರ ಹೆಸರು ಲ ಶಾಂಬೋನ್.

ಫ್ರಾನ್ಸಿನ ನಡುದಕ್ಷಿಣ ಭಾಗದಲ್ಲಿ ಸಮುದ್ರಮಟ್ಟದಿಂದ ಸುಮಾರು ೧,೦೦೦ ಮೀಟರುಗಳೆತ್ತರದ ಒಂದು ಪ್ರಸ್ಥಭೂಮಿ ಇದೆ. ಅಲ್ಲಿ ಲಿನ್ಯೋನ್ ಎಂಬ ಹೊಳೆಯ ದಂಡೆಯ ಮೇಲೆ ಈ ಊರು. ಸುತ್ತಲೂ ಪೈನ್ ಮರಗಳ ಕಾಡು, ಕಗ್ಗಲ್ಲಿನ ತೋಟದಮನೆಗಳು, ಬಡ ಹೊಲಗಳು. ಬೇಸಗೆಯಲ್ಲಿ ತಂಪನ್ನರಸಿ ಪಟ್ಟಣಿಗರು ಬರುತ್ತಿದ್ದುದರಿಂದ ಊರಿನಲ್ಲಿ ಭೋಜನಶಾಲೆಗಳೂ ವಸತಿಗೃಹಗಳೂ ಇದ್ದುವು. ಚಳಿಗಾಲ ಬಂತೆಂದರೆ ಹಿಮ ಬಿದ್ದು ದಾರಿಗಳು ಮುಚ್ಚಿಹೋಗುತ್ತಿದ್ದುವು. ಕೆಳಗಿನ ಕಣಿವೆಯಿಂದ ಏದುತ್ತ ಹತ್ತಿಬರುವ ಕಿರುಹಳಿಯ ರೈಲೊಂದೇ ಹೊರಲೋಕದೊಡನೆ ಸಂಬಂಧ. ಊರಿನ ಪ್ರಾರ್ಥನಾಮಂದಿರದ ಬಾಗಿಲ ಮೇಲೆ, ಒಬ್ಬರನ್ನೊಬ್ಬರು ಪ್ರೀತಿಸಿರೆಂಬ ಅರ್ಥದ ಸುವಾರ್ತಾವಾಕ್ಯವನ್ನು ಕೆತ್ತಿದೆ. ಇಂಥ ವಾಕ್ಯಗಳು ಎಷ್ಟೋ ಊರುಗಳ ದೇವಾಲಯಗಳ ಮೇಲೆ ಇವೆ. ಆದುದರಿಂದ ಅದೊಂದರಿಂದ ಏನನ್ನೂ ನಿರ್ಣಯಿಸುವಂತಿಲ್ಲ.

ನಿರ್ಣಯಕ್ಕೆ ಹೆಚ್ಚು ನೆರವಾಗುವುದು ಅಲ್ಲಿನ ಜನರ ಚರಿತ್ರೆ. ಫ್ರಾನ್ಸು ಬಹುಮಟ್ಟಿಗೆ ರೋಮನ್ ಕ್ಯಾಥೊಲಿಕರ ದೇಶ. ಈ ಬೆಟ್ಟದ ಜನರಾದರೋ ಹ್ಯೂಗೆನಾಟರು, ಎಂದರೆ ಫ್ರೆಂಚ್ ಪ್ರಾಟೆಸ್ಟಂಟರು. ೧೫೯೮ರಲ್ಲಿ ನಾಲ್ಕನೆಯ ಹೆನ್ರಿ ದೊರೆ ನಾಂತ್ ಶಾಸನದ ಮೂಲಕ ಇವರಿಗೆ ಪೂಜಾಸ್ವಾತಂತ್ರ್ಯವನ್ನು ಕೊಟ್ಟಿದ್ದನು. ೧೬೮೫ರಲ್ಲಿ ಹದಿನಾಲ್ಕನೆಯ ಲೂಯಿ ಆ ಶಾಸನವನ್ನು ರದ್ದುಮಾಡಿದನು. ಅಂದಿನಿಂದ ಒಂದು ನೂರು ವರ್ಷಕಾಲ ಇವರ ಪ್ರಾರ್ಥನೆ ಅಪರಾಧವಾಯಿತು. ಕಾಡಿನಲ್ಲಿ, ಬಂಡೆಗಳ ಮರೆಯಲ್ಲಿ ಕೂಡಿದರು, ಬೈಬಲನ್ನು ಬಚ್ಚಿಟ್ಟರು, ಓಡಿಬಂದ ಬೋಧಕರನ್ನು ಹುಲ್ಲಟ್ಟದಲ್ಲಿ ಅಡಗಿಸಿದರು. ಸಿಕ್ಕಿಬಿದ್ದ ಬೋಧಕರಿಗೆ ಗಲ್ಲು, ಗಂಡಸರಿಗೆ ಹಡಗಿನ ಹುಟ್ಟು, ಹೆಂಗಸರಿಗೆ ಸೆರೆಮನೆ. ಮಾರಿ ದ್ಯುರಾಂ ಎಂಬ ಹೆಣ್ಣುಮಗಳು ೧೭೩೦ರಲ್ಲಿ ಎಗ್ ಮೋರ್ತ್ ಎಂಬಲ್ಲಿಯ ಬುರುಜಿಗೆ ಸೆರೆಯಾಳಾಗಿ ಹೋದವಳು ಹೊರಬಂದುದು ೧೭೬೮ರಲ್ಲಿ. ತನ್ನ ನಂಬಿಕೆಯನ್ನು ಬಿಟ್ಟೆನೆಂದು ಒಂದು ಮಾತು ಹೇಳಿದ್ದರೆ ಅವಳು ಮನೆಗೆ ಹೋಗಬಹುದಾಗಿತ್ತು. ಇಂಥ ಕಥೆಗಳನ್ನು ಅಜ್ಜಿಯರಿಂದ ಕೇಳಿ ಬೆಳೆದ ರೈತರಿಗೆ, ಸರ್ಕಾರದ ಆಜ್ಞೆಯೂ ದೇವರ ಆಜ್ಞೆಯೂ ಎರಡೆಂಬುದನ್ನು ಯಾವ ತತ್ತ್ವಜ್ಞಾನಿಯೂ ಬಂದು ತಿಳಿಸಬೇಕಾಗಿರಲಿಲ್ಲ. ಅಡಗಿಸುವ ವಿದ್ಯೆಯನ್ನಂತೂ ಹೊಸದಾಗಿ ಕಲಿಯಬೇಕಾಗಿಯೇ ಇರಲಿಲ್ಲ.

೧೯೩೪ರಲ್ಲಿ ಈ ಊರಿಗೆ ಆಂದ್ರೆ ತ್ರೋಕ್ಮೆ ಎಂಬ ಪಾದ್ರಿ ಬಂದನು. ಹುಟ್ಟಿದ್ದು ೧೯೦೧ರಲ್ಲಿ, ಉತ್ತರ ಫ್ರಾನ್ಸಿನ ಸೇಂಟ್ ಕ್ವೆಂಟಿನ್ ಪಟ್ಟಣದಲ್ಲಿ. ತಂದೆ ಫ್ರೆಂಚರವನು, ತಾಯಿ ಜರ್ಮನ್ ಹೆಂಗಸು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಆ ಪಟ್ಟಣವನ್ನು ಹಿಡಿದಿದ್ದಾಗ, ಆಯುಧ ಹಿಡಿಯಲೊಲ್ಲದ ಒಬ್ಬ ಜರ್ಮನ್ ಸಿಪಾಯಿಯ ಪರಿಚಯ ಈ ಹುಡುಗನಿಗಾಯಿತು. ಶತ್ರುವೆಂಬ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆಂಬುದನ್ನು ಆತ ಮತ್ತೆ ಮರೆಯಲಿಲ್ಲ. ಮುಂದೆ ವೇದಾಂತಶಾಸ್ತ್ರವನ್ನೋದಲು ನ್ಯೂಯಾರ್ಕಿಗೆ ಹೋದನು. ಖರ್ಚಿಗಾಗಿ ಕೋಟ್ಯಧೀಶ ರಾಕ್‌ಫೆಲ್ಲರನ ಮಕ್ಕಳಿಗೆ ಮನೆಪಾಠ ಹೇಳಿದನು. ಮಗ್ದಾ ಎಂಬ ಇಟಲಿಯ ಕನ್ಯೆಯನ್ನು ಅಲ್ಲಿಯೇ ಕಂಡು ಮುಂದೆ ಮದುವೆಯಾದನು. ಯುದ್ಧವೇ ಕೂಡದೆಂಬ ಅವನ ಹಟ ಚರ್ಚಿನ ಹಿರಿಯರಿಗೆ ಹಿಡಿಸುತ್ತಿರಲಿಲ್ಲ. ಇಂಥವನಿಗೆ ದೂರದ ಬೆಟ್ಟದೂರೇ ತಕ್ಕ ಸ್ಥಳವೆನಿಸಿದ್ದರೆ ಆಶ್ಚರ್ಯವಲ್ಲ. ೧೯೩೮ರಲ್ಲಿ ಅಲ್ಲಿ ಒಂದು ಪ್ರೌಢಶಾಲೆಯನ್ನು ತೆರೆದನು. ಅದಕ್ಕೆ ಮುಖ್ಯಸ್ಥನಾಗಿ ಬಂದವನು ಅವನ ಸ್ನೇಹಿತ ಎದ್ವಾರ್ ತೇಯ್ಸ್. ಮಿತಭಾಷಿ, ಬಂಡೆಯಂಥ ಮನುಷ್ಯ.

೧೯೪೦ರ ಜೂನ್ ೨೨ರಂದು ಫ್ರಾನ್ಸು ಹಿಟ್ಲರನಿಗೆ ಶರಣಾಗಿ ಒಪ್ಪಂದಕ್ಕೆ ಸಹಿಮಾಡಿತು. ದೇಶ ಎರಡಾಯಿತು. ಉತ್ತರದಲ್ಲಿ ಜರ್ಮನ್ ಸೈನ್ಯ. ದಕ್ಷಿಣದಲ್ಲಿ ವಿಶಿ ಎಂಬ ಪಟ್ಟಣವನ್ನು ರಾಜಧಾನಿಯಾಗಿ ಮಾಡಿಕೊಂಡ ಮುದಿ ಸೇನಾನಿ ಪೆತಾಂ ಅವನ ಸರ್ಕಾರ. ಮರುದಿನ ಭಾನುವಾರ. ತ್ರೋಕ್ಮೆ, ತೇಯ್ಸ್ ಇಬ್ಬರೂ ಕೂಡಿ ಸಿದ್ಧಪಡಿಸಿದ ಉಪದೇಶದ ಮುಖ್ಯ ಮಾತಿಷ್ಟೆ: ನಮ್ಮ ಮನಸ್ಸಾಕ್ಷಿಗೆ ವಿರುದ್ಧವಾದ ಬಲಾತ್ಕಾರವನ್ನು ನಾವು ಆತ್ಮದ ಆಯುಧಗಳಿಂದ ಎದುರಿಸಬೇಕು, ಅಂಜಬಾರದು, ಅಹಂಕಾರ ಪಡಬಾರದು, ದ್ವೇಷಿಸಲೂ ಬಾರದು. ಸೋತ ಮರುದಿನ ದ್ವೇಷಿಸಬೇಡಿರೆಂದು ಹೇಳುವುದು ಸುಲಭವಲ್ಲ. ಅದನ್ನು ಕೇಳುವುದೂ ಸುಲಭವಲ್ಲ.

ಅಲ್ಲಿಂದ ಮುಂದೆ ವಿಶಿ ಸರ್ಕಾರ ಮಾಡಿದುದನ್ನು ಸ್ವಲ್ಪ ಗಮನಿಸಬೇಕು. ಏಕೆಂದರೆ ಸಮಾಜವನ್ನು ಒಡೆಯುವುದು ಯಾವಾಗಲೂ ಕತ್ತಿಯಿಂದಲೇ ಆರಂಭವಾಗುವುದಿಲ್ಲ. ೧೯೪೦ರ ಅಕ್ಟೋಬರ್ ೩ರಂದು ಯೆಹೂದ್ಯರನ್ನು ಕುರಿತ ಕಾನೂನು ಹೊರಟಿತು. ಯಾರು ಯೆಹೂದ್ಯ ಎಂಬ ವ್ಯಾಖ್ಯಾನ, ಅವನು ಯಾವ ಯಾವ ಉದ್ಯೋಗದಲ್ಲಿರಬಾರದು ಎಂಬ ಪಟ್ಟಿ. ಮರುದಿನ ಇನ್ನೊಂದು ಕಾನೂನು: ಹೊರದೇಶಗಳಿಂದ ಓಡಿಬಂದಿದ್ದ ಯೆಹೂದ್ಯರನ್ನು ಜಿಲ್ಲಾಧಿಕಾರಿಗಳು ಶಿಬಿರಗಳಲ್ಲಿ ಕೂಡಿಹಾಕಬಹುದು. ಆಮೇಲೆ ದಾಖಲೆ, ಎಣಿಕೆ, ಗುರುತಿನ ಚೀಟಿಯ ಮೇಲೆ ಮುದ್ರೆ. ಎಲ್ಲವೂ ಗುಮಾಸ್ತರ ಕೆಲಸ. ಎಲ್ಲವೂ ಕ್ರಮವಾಗಿ ರುಜುವಾದ ಕಾಗದ. ಆ ಕಾಗದದ ದಾರಿಯಲ್ಲಿ ನಡೆದು ಯುದ್ಧ ಮುಗಿಯುವುದರೊಳಗೆ ಫ್ರಾನ್ಸಿನಿಂದ ಸುಮಾರು ೭೬,೦೦೦ ಯೆಹೂದ್ಯರು ಪೂರ್ವದ ಮರಣಶಿಬಿರಗಳಿಗೆ ಸಾಗಿಹೋದರು. ಬದುಕಿ ಬಂದವರು ಸುಮಾರು ೨,೫೦೦ ಮಂದಿ. ಹಿಡಿದುಕೊಟ್ಟವರಲ್ಲಿ ಬಹುಪಾಲು ಫ್ರೆಂಚ್ ಪೊಲೀಸರೇ ಎಂಬುದನ್ನು ಆ ದೇಶ ಒಪ್ಪಿಕೊಳ್ಳುವುದಕ್ಕೆ ಅರ್ಧ ಶತಮಾನ ಹಿಡಿಯಿತು.

ಶಾಂಬೋನಿನ ಕೆಲಸ ಆರಂಭವಾದುದು ಅಡಿಗೆಮನೆಯ ಬಾಗಿಲಿನಲ್ಲಿ. ೧೯೪೦-೪೧ರ ಚಳಿಗಾಲದ ಒಂದು ಸಂಜೆ ಮಗ್ದಾ ಒಲೆಗೆ ಸೌದೆ ಹಾಕುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಹೊರಗೆ ಹಿಮದಲ್ಲಿ ನಡುಗುತ್ತ ನಿಂತಿದ್ದವಳು ಜರ್ಮನಿಯಿಂದ ಓಡಿಬಂದ ಯೆಹೂದ್ಯ ಸ್ತ್ರೀ. ಒಳಗೆ ಬರಬಹುದೆ ಎಂದು ಕೇಳಿದಳು. ಬಾ ಎಂದಳು ಮಗ್ದಾ. ನೆನೆದ ಪಾದರಕ್ಷೆಗಳನ್ನು ಒಲೆಯ ಬಳಿ ಒಣಗಲಿಟ್ಟು, ಊಟಕ್ಕೆ ಹಾಕಿ, ಈಕೆಗೆ ಚೀಟಿ ಮಾಡಿಸಿಕೊಡಬೇಕೆಂದು ನೇರವಾಗಿ ಊರಿನ ಆಗಿನ ಮೇಯರನ ಬಳಿಗೆ ಹೋದಳು. ಒಬ್ಬ ಪರದೇಶದ ಯೆಹೂದ್ಯಳಿಗಾಗಿ ಊರನ್ನೇ ಅಪಾಯಕ್ಕೆ ಗುರಿಮಾಡುತ್ತೀಯಾ, ನಾಳೆ ಬೆಳಗಾಗುವುದರೊಳಗೆ ಆಕೆ ಊರು ಬಿಡಬೇಕು, ಎಂದು ಉತ್ತರ ಬಂತು. ಬೆಪ್ಪಾಗಿ ಮನೆಗೆ ಹಿಂದಿರುಗಿದರೆ ಪಾದರಕ್ಷೆಗಳು ಒಲೆಯಲ್ಲಿ ಸುಟ್ಟುಹೋಗಿದ್ದುವು. ಬೇರೆ ಜೋಡನ್ನು ಹುಡುಕಿ ಹೊಂದಿಸಿ, ಮತ್ತೊಂದು ಊರಿನವರ ವಿಳಾಸವನ್ನು ಕೊಟ್ಟು, ಆಕೆಯನ್ನು ಕಳುಹಿಸಬೇಕಾಯಿತು.

ಈ ಪ್ರಸಂಗ ನನಗೆ ಬಹಳ ಮುಖ್ಯವೆಂದು ತೋರುತ್ತದೆ. ಮಹತ್ಕಾರ್ಯವೊಂದು ಹೀಗೆ ಸೋಲಿನಿಂದ ಮೊದಲಾಯಿತು. ಮಗ್ದಾ ಆ ದಿನ ಎರಡು ಸಂಗತಿಗಳನ್ನು ಕಲಿತಳು. ಸಹಾಯ ಮಾಡುವಾಗ ಅಧಿಕಾರಿಗಳ ಅಪ್ಪಣೆ ಕೇಳಬಾರದೆಂಬುದು ಒಂದು. ಕರುಣೆಯಿದ್ದರಷ್ಟೆ ಸಾಲದು, ಪಾದರಕ್ಷೆ, ಚೀಟಿ, ಹಾಸಿಗೆ, ಪಡಿ, ಮುಂದಿನ ಮನೆಯ ವಿಳಾಸ ಇವೂ ಬೇಕೆಂಬುದು ಇನ್ನೊಂದು. ಬಾಗಿಲಿಗೆ ಬಂದವರ ಹೆಸರು, ಊರು, ಕುಲಗಳನ್ನು ವಿಚಾರಿಸಿಕೊಂಡ ಮೇಲೆ ನೀರು ಕೊಡುವ ಮನೆಗಳು ನಮ್ಮಲ್ಲಿಯೂ ಉಂಟಷ್ಟೆ. ಆಕೆ ವಿಚಾರಿಸಿದ್ದು ಹಸಿವನ್ನು ಮಾತ್ರ. ಆಕೆಯೇನು ದೊಡ್ಡ ಭಕ್ತೆಯಲ್ಲ. ಗಂಡನ ದೇವತಾವಿಚಾರಗಳಲ್ಲಿ ಆಕೆಗೆ ಅಷ್ಟಾಗಿ ಆಸಕ್ತಿಯಿರಲಿಲ್ಲವೆಂದು ಬಲ್ಲವರು ಬರೆದಿದ್ದಾರೆ.

ಇಷ್ಟರಲ್ಲಿ ತ್ರೋಕ್ಮೆಗೆ, ದಕ್ಷಿಣದ ಗುರ್ಸ್, ರಿವ್‌ಸಾಲ್ತ್ ಮುಂತಾದ ಶಿಬಿರಗಳಿಗೆ ಹೋಗಿ ಅಲ್ಲಿ ಕೆಸರು ಹಸಿವುಗಳ ನಡುವೆ ಬಿದ್ದಿದ್ದ ಸೆರೆಯಾಳುಗಳ ಸೇವೆ ಮಾಡಬೇಕೆಂಬ ಆಸೆಯುಂಟಾಯಿತು. ಮಾರ್ಸೇಲ್ಸಿಗೆ ಹೋಗಿ, ಶಿಬಿರಗಳಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಕ್ವೇಕರ್ ಸಂಘದವರನ್ನು ಕಂಡನು. ಅವರಲ್ಲಿ ಬರ್ನ್ಸ್ ಚಾಮರ್ಸ್ ಎಂಬಾತ ಹೇಳಿದ ಮಾತಿನ ಸಾರ ಹೀಗೆ: ಶಿಬಿರದೊಳಗೆ ಬರಲು ಜನರಿದ್ದಾರೆ, ಮಕ್ಕಳನ್ನೂ ಕೆಲವು ದೊಡ್ಡವರನ್ನೂ ಹೊರಕ್ಕೆ ತರುವುದಕ್ಕೂ ನಮಗೆ ಸಾಧ್ಯ, ಹೊರಗೆ ತಂದವರನ್ನು ಇಟ್ಟುಕೊಳ್ಳುತ್ತೇವೆನ್ನುವ ಊರು ಮಾತ್ರ ಸಿಕ್ಕುತ್ತಿಲ್ಲ, ನಿಮ್ಮದು ಅಂಥ ಊರಾಗುತ್ತದೆಯೆ? ತ್ರೋಕ್ಮೆ ಹಿಂದಿರುಗಿ ಚರ್ಚಿನ ಹಿರಿಯರನ್ನು ಕೇಳಿದನು. ಅವರು ಒಪ್ಪಿದರು. ವೀರಸಾಹಸಕ್ಕೆಂದು ಹೊರಟವನನ್ನು ಮನೆಗೆ ಕಳುಹಿಸಿ, ಮನೆಯನ್ನೇ ದೊಡ್ಡದು ಮಾಡಿಕೊ ಎಂದಂತಾಯಿತು. ಹಳೆಯ ಒಡಂಬಡಿಕೆಯಲ್ಲಿ ಆಶ್ರಯನಗರಗಳ ವಿಷಯ ಬರುತ್ತದೆ. ಪ್ರಾಣಭಯದಿಂದ ಓಡಿಬಂದವನಿಗೆ ಅಲ್ಲಿ ರಕ್ಷಣೆ. ಅವನನ್ನು ಕೊಲ್ಲಗೊಟ್ಟರೆ ನಿರಪರಾಧಿಯ ರಕ್ತ ಆ ಊರಿನವರ ಮೇಲೆಯೇ ಬರುತ್ತದೆ. ತ್ರೋಕ್ಮೆ ತನ್ನ ಉಪದೇಶಗಳಲ್ಲಿ ಎತ್ತಿಕೊಂಡದ್ದು ಈ ವಿಧಿಯನ್ನು. ಶಿಬಿ ಚಕ್ರವರ್ತಿಯ ಕಥೆಯನ್ನು ಬಲ್ಲ ನಮಗೆ ಶರಣಾಗತರಕ್ಷಣೆ ಹೊಸ ಮಾತಲ್ಲ. ಶಿಬಿ ತನ್ನ ತೊಡೆಯ ಮಾಂಸವನ್ನು ಕೊಟ್ಟನು. ಇಲ್ಲಿ ಒಂದು ಊರಿಗೆ ಊರೇ ತಕ್ಕಡಿಯ ಮುಂದೆ ನಿಂತಿತ್ತು.

ಕೆಲಸ ನಡೆದ ಬಗೆಯನ್ನು ನೋಡಿದರೆ ಅದು ಒಬ್ಬನ ಮಹಿಮೆಯಲ್ಲವೆಂದು ತಿಳಿಯುತ್ತದೆ. ಕ್ವೇಕರರು ಹಣ ಕಳುಹಿಸಿದರು. ಸ್ವಿಟ್ಜರ್ಲೆಂಡಿನ ಮಕ್ಕಳ ನೆರವಿನ ಸಂಘದ ಪರವಾಗಿ ಔಗುಸ್ಟ್ ಬೋನಿ ಎಂಬ ತರುಣ ೧೯೪೧ರಿಂದ ಮಕ್ಕಳ ಮನೆಗಳನ್ನು ನಡೆಸಿದನು. ಯೆಹೂದ್ಯರದೇ ಆದ ಮಕ್ಕಳ ರಕ್ಷಣಾಸಂಘವೊಂದು ಮಕ್ಕಳನ್ನು ಗುಟ್ಟಾಗಿ ಕರೆತಂದು ತೋಟದಮನೆಗಳಲ್ಲಿ ಬಿಡುತ್ತಿತ್ತು. ಸಿಮಾದ್ ಎಂಬ ಪ್ರಾಟೆಸ್ಟಂಟ್ ಯುವಸಂಘದವರು ಅಪಾಯ ಹೆಚ್ಚಿದವರನ್ನು ಬೆಟ್ಟದ ದಾರಿಗಳಲ್ಲಿ ಸ್ವಿಟ್ಜರ್ಲೆಂಡಿನ ಗಡಿಗೆ ಮುಟ್ಟಿಸುತ್ತಿದ್ದರು. ಮೊದಲು ಊರಿನ ಮೇಯರನಾಗಿದ್ದು ೧೯೪೦ರ ಜೂನಿನಲ್ಲಿ ರಾಜೀನಾಮೆಯಿತ್ತ ಶಾರ್ಲ್ ಗಿಯೋನ್, ಜಿನೀವದಿಂದ ಹಣವನ್ನು ಸಾಗಿಸುತ್ತಿದ್ದನು. ಆಸ್ಕರ್ ರೊಸೋವ್‌ಸ್ಕಿ ಎಂಬ ಯೆಹೂದ್ಯ ಹುಡುಗ, ಹತ್ತೊಂಬತ್ತು ಇಪ್ಪತ್ತು ವರ್ಷದವನು, ವೈದ್ಯನಾಗಬೇಕೆಂದಿದ್ದು ಕಾಲೇಜಿಗೆ ಸೇರಲಾರದೆ ಹೋದವನು, ತೋಟದಮನೆಯೊಂದರಲ್ಲಿ ಕುಳಿತು ಸುಳ್ಳು ಗುರುತಿನ ಚೀಟಿಗಳನ್ನು ಸಾವಿರಗಟ್ಟಲೆ ತಯಾರಿಸಿದನು. ಯುದ್ಧ ಮುಗಿದ ಮೇಲೆ ಆತ ನಿಜವಾಗಿಯೂ ವೈದ್ಯನಾದನು. ರಕ್ಷಿಸಲ್ಪಟ್ಟವರೇ ರಕ್ಷಕರೂ ಆಗಿದ್ದರೆಂಬುದನ್ನು ಈ ಚರಿತ್ರೆಯನ್ನು ಹೇಳುವವರು ಮರೆಯುವುದುಂಟು, ಅದು ಸರಿಯಲ್ಲ.

ಇನ್ನು ರೈತರು. ಇವರಲ್ಲಿ ತ್ರೋಕ್ಮೆಯ ಸಭೆಗೆ ಬಾರದ ಬೇರೆ ಪಂಥದವರಿದ್ದರು, ಕ್ಯಾಥೊಲಿಕರಿದ್ದರು, ದೇವರ ವಿಷಯವನ್ನೇ ಎತ್ತದವರೂ ಇದ್ದರು. ನೆರೆಯ ಮಾಜೆ, ತಾನ್ಸ್ ಮೊದಲಾದ ಊರುಗಳಲ್ಲಿಯೂ ಇದೇ ಕೆಲಸ ನಡೆಯುತ್ತಿತ್ತು. ಎರಡು ಹಳೆಯ ಒಡಂಬಡಿಕೆಗಳು ಬಂದಿವೆ, ಬೇಕಾದರೆ ಹೇಳಿ, ಎಂದು ಪಾದ್ರಿಯ ಕಡೆಯಿಂದ ಸಂದೇಶ ಬಂದರೆ ಇಬ್ಬರು ಯೆಹೂದ್ಯರು ಬಂದಿದ್ದಾರೆಂದು ಅರ್ಥ. ರೈತನ ಹೆಂಡತಿ ಸರಿ ಎಂದು ತಲೆಯಾಡಿಸಿದರೆ ಮುಗಿಯಿತು. ಪಕ್ಕದ ಮನೆಯವರು ಯಾರನ್ನು ಇಟ್ಟುಕೊಂಡಿದ್ದಾರೆಂದು ಈ ಮನೆಯವರು ಕೇಳುತ್ತಿರಲಿಲ್ಲ. ಹಳ್ಳಿಯಲ್ಲಿ ಮಾತಿಲ್ಲದಿರುವುದು ಎಷ್ಟು ಕಷ್ಟವೆಂಬುದನ್ನು ಹಳ್ಳಿಯಲ್ಲಿ ಹುಟ್ಟಿದವರು ಬಲ್ಲರು. ಅಲ್ಲಿ ನಾಲ್ಕು ವರ್ಷ ಮಾತಿರಲಿಲ್ಲ.

೧೯೪೨ರ ಜುಲೈ ೧೬, ೧೭ರಂದು ಪ್ಯಾರಿಸಿನಲ್ಲಿ ಸುಮಾರು ೧೩,೦೦೦ ಯೆಹೂದ್ಯರನ್ನು, ಅವರಲ್ಲಿ ೪,೦೦೦ಕ್ಕೆ ಮೇಲ್ಪಟ್ಟು ಮಕ್ಕಳು, ಫ್ರೆಂಚ್ ಪೊಲೀಸರು ಹಿಡಿದರು. ಮುಂದಿನ ತಿಂಗಳು ವಿಶಿ ಸರ್ಕಾರದ ಯುವಜನಶಾಖೆಯ ಮುಖ್ಯಸ್ಥ ಲಾಮಿರಾಂ ಎಂಬಾತ ಸಮವಸ್ತ್ರ ಧರಿಸಿ ಶಾಂಬೋನಿಗೆ ಬಂದನು. ಮೆರವಣಿಗೆಯಿಲ್ಲ, ಜಯಕಾರವಿಲ್ಲ, ಸಾಧಾರಣ ಊಟ, ಸಾಧಾರಣ ಪ್ರಾರ್ಥನೆ. ಪ್ರಾರ್ಥನೆಯ ತರುವಾಯ ಪ್ರೌಢಶಾಲೆಯ ಕೆಲವು ಹಿರಿಯ ವಿದ್ಯಾರ್ಥಿಗಳು ಮುಂದೆ ಬಂದು ಅವನ ಕೈಗೆ ಒಂದು ಪತ್ರವನ್ನು ಕೊಟ್ಟರು. ಪ್ಯಾರಿಸಿನಲ್ಲಿ ನಡೆದುದು ನಮಗೆ ತಿಳಿದಿದೆ, ನಮ್ಮಲ್ಲಿಯೂ ಯೆಹೂದ್ಯರಿದ್ದಾರೆ, ನಾವು ಯೆಹೂದ್ಯ, ಯೆಹೂದ್ಯೇತರ ಎಂಬ ಭೇದ ಮಾಡುವುದಿಲ್ಲ, ಅವರನ್ನು ಹಿಡಿಯಬಂದರೆ ನಾವು ಬಚ್ಚಿಡುತ್ತೇವೆ, ಎಂಬ ತಾತ್ಪರ್ಯದ ಪತ್ರ ಅದು. ಬಚ್ಚಿಡುವವರು ಬಚ್ಚಿಡುತ್ತೇವೆಂದು ಸರ್ಕಾರಕ್ಕೇ ಬರೆದುಕೊಡುವುದು ಜಾಣತನವೇ ಎಂದು ನೀವು ಕೇಳಬಹುದು. ಜಾಣತನವಲ್ಲ. ಆದರೆ ಅದನ್ನು ಬರೆದ ಹುಡುಗರು ಶಾಲೆಯಲ್ಲಿ ಕಲಿತ ಪಾಠವನ್ನು ನಂಬಿದ್ದರು. ಉಪಾಧ್ಯಾಯ ವೃತ್ತಿಯಲ್ಲಿರುವ ನನಗೆ ಅದೊಂದು ಅಸೂಯೆಯ ವಿಷಯ.

ಎರಡು ಮೂರು ವಾರಗಳಲ್ಲಿ ಪೊಲೀಸರು ಬಸ್ಸುಗಳನ್ನು ತಂದರು. ಯೆಹೂದ್ಯರ ಪಟ್ಟಿಯನ್ನು ಕೊಡು ಎಂದು ಪಾದ್ರಿಯನ್ನು ಕೇಳಿದರು. ಪಟ್ಟಿ ನನ್ನಲ್ಲಿಲ್ಲ, ಇದ್ದರೂ ಕೊಡುವುದಿಲ್ಲ. ಇವರು ನಮ್ಮ ಆಶ್ರಯಕ್ಕೆ ಬಂದವರು, ಕುರುಬನು ತನ್ನ ಮಂದೆಯನ್ನು ಒಪ್ಪಿಸಿಕೊಡುವುದಿಲ್ಲ, ಎಂಬುದು ಉತ್ತರ. ಜಿಲ್ಲಾಧಿಕಾರಿಗೆ ಆತ, ಯೆಹೂದ್ಯರೆಂದರೇನೋ ನಾವು ಅರಿಯೆವು, ಮನುಷ್ಯರನ್ನು ಮಾತ್ರ ಬಲ್ಲೆವು ಎಂದನೆಂಬುದು ಪ್ರಸಿದ್ಧವಾಗಿದೆ. ಕಾಡಿನೊಳಕ್ಕೂ ಒಂಟಿ ಮನೆಗಳಿಗೂ ಸುದ್ದಿ ಆಗಲೇ ಮುಟ್ಟಿತ್ತು. ಪೊಲೀಸರು ವಾರಗಟ್ಟಲೆ ಹುಡುಕಿದರೂ ಸಿಕ್ಕಿದವರು ಬೆರಳೆಣಿಕೆಗೂ ಕಡಮೆ; ಬಸ್ಸುಗಳು ಹೆಚ್ಚುಕಡಮೆ ಬರಿದಾಗಿಯೇ ಇಳಿದುಹೋದುವು. ಆ ನವೆಂಬರಿನಲ್ಲಿ ಜರ್ಮನರು ದಕ್ಷಿಣ ಫ್ರಾನ್ಸನ್ನೂ ಆಕ್ರಮಿಸಿದರು. ಗಾಯಗೊಂಡ ಜರ್ಮನ್ ಸಿಪಾಯಿಗಳು ವಿಶ್ರಾಂತಿಗಾಗಿ ಅದೇ ಊರಿನ ವಸತಿಗೃಹಕ್ಕೆ ಬಂದಿಳಿದರು. ಬೀದಿಯ ಒಂದು ಕಡೆ ಅವರು, ಇನ್ನೊಂದು ಕಡೆ ಯೆಹೂದ್ಯ ಮಕ್ಕಳು. ಇದೇ ಸಮಯದಲ್ಲಿ ಊರಿನ ಬಳಿಯ ಒಂದು ಮನೆಯಲ್ಲಿ ಕ್ಷಯರೋಗಿಯಾದ ಆಲ್ಬರ್ ಕಮೂ ಕುಳಿತು ಪ್ಲೇಗುಮಾರಿಯನ್ನು ಕುರಿತ ತನ್ನ ಕಾದಂಬರಿಯನ್ನು ಬರೆಯುತ್ತಿದ್ದನು; ಅದು ೧೯೪೭ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಕಠಿನವಾದ ಪ್ರಶ್ನೆ ಏಳುತ್ತದೆ. ಸುಳ್ಳು ಚೀಟಿ, ಸುಳ್ಳು ಹೆಸರು, ಕೇಳಿದವರಿಗೆ ಸುಳ್ಳು ಉತ್ತರ; ಸತ್ಯವನ್ನು ಬೋಧಿಸುವ ಪಾದ್ರಿಯ ಊರಿನಲ್ಲಿ ಇದೆಲ್ಲ ನಡೆಯಬಹುದೆ? ಅವರಿಗೂ ಈ ಪ್ರಶ್ನೆ ಎದ್ದಿತ್ತು. ಮಗ್ದಾ ಮೊದಲನೆಯ ಸುಳ್ಳು ಪಡಿಚೀಟಿಯ ದಿನವನ್ನು ಮುಪ್ಪಿನಲ್ಲಿಯೂ ನೆನೆದು ಮರುಗುತ್ತಿದ್ದಳು. ತ್ರೋಕ್ಮೆಯೇ ೧೯೪೩-೪೪ರಲ್ಲಿ ಕೆಲವು ತಿಂಗಳು ತಲೆತಪ್ಪಿಸಿಕೊಂಡಿರಬೇಕಾಗಿ ಬಂದಾಗ, ಅವನ ಜೇಬಿನಲ್ಲಿ ಬೇರೆಯ ಹೆಸರಿನ ಚೀಟಿಯಿತ್ತು. ಒಮ್ಮೆ ಲಿಯೋನ್ ನಗರದ ರೈಲ್ವೆ ನಿಲ್ದಾಣದಲ್ಲಿ, ತನ್ನ ಬಾಲಕ ಮಗನೊಡನೆ ಹೋಗುತ್ತಿದ್ದಾಗ ಜರ್ಮನರ ಕೈಗೆ ಸಿಕ್ಕಿಬಿದ್ದನು. ಹೆಸರು ಕೇಳಿದರೆ ಸುಳ್ಳು ಹೇಳುವುದಿಲ್ಲವೆಂದು ಅಲ್ಲಿಯೇ ನಿಶ್ಚಯಿಸಿದನು. ಕೇಳುವುದಕ್ಕೆ ಮೊದಲೇ ಜನಸಂದಣಿಯಲ್ಲಿ ತಂದೆ ಮಗ ನುಸುಳಿ ಪಾರಾದುದು ಅದೃಷ್ಟ.

ಈ ನಿಶ್ಚಯವನ್ನು ಕೆಲವರು ಮೆಚ್ಚುತ್ತಾರೆ, ಕೆಲವರು ಮೂರ್ಖತನವೆನ್ನುತ್ತಾರೆ. ನನಗೆ ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಕಥೆ ನೆನಪಿಗೆ ಬರುತ್ತದೆ. ಸತ್ಯವನ್ನಲ್ಲದೆ ಬೇರೆ ನುಡಿಯೆನೆಂದು ವ್ರತ ಹಿಡಿದ ಆ ತಪಸ್ವಿಯ ಆಶ್ರಮದ ಬಳಿಯ ಕಾಡಿಗೆ, ದರೋಡೆಗಾರರಿಗೆ ಹೆದರಿದ ಜನ ಓಡಿಹೋಗಿ ಅಡಗಿದರು. ಬೆನ್ನಟ್ಟಿ ಬಂದ ದರೋಡೆಗಾರರು ಕೇಳಿದಾಗ ಅವನು ಇದ್ದುದನ್ನು ಇದ್ದಂತೆ ತೋರಿಸಿಕೊಟ್ಟನು. ಅವರು ಕೊಂದರು, ಕೌಶಿಕನು ನರಕಕ್ಕೆ ಹೋದನು. ತನ್ನ ಸತ್ಯಕ್ಕೆ ಪರರ ಪ್ರಾಣವನ್ನು ತೆತ್ತವನ ಸತ್ಯ ಸತ್ಯವಲ್ಲವೆಂದು ವ್ಯಾಸರ ಅಭಿಪ್ರಾಯ. ತ್ರೋಕ್ಮೆಯನ್ನು ಈ ಅಳತೆಗೆ ತಂದು ನೋಡಿದರೆ, ಆತ ಸುಳ್ಳಾಡದಿರಲು ನಿಶ್ಚಯಿಸಿದ್ದು ತನ್ನ ಹೆಸರಿನ ವಿಷಯದಲ್ಲಿ, ತನ್ನ ತಲೆಯನ್ನು ಒಡ್ಡಿ. ಆಶ್ರಿತರ ವಿಷಯದಲ್ಲಿ ಆತ ಬಾಯಿಯನ್ನೇ ತೆರೆಯಲಿಲ್ಲ. ಆದರೂ ಜೊತೆಯಲ್ಲಿ ಮಗನಿದ್ದನಲ್ಲ ಎಂಬ ಮಾತು ಉಳಿಯುತ್ತದೆ. ಚೀಟಿಗಳನ್ನು ಬರೆದ ರೊಸೋವ್‌ಸ್ಕಿಗೆ ಈ ಸಂಕಟವೇ ಇರಲಿಲ್ಲ. ಅವನದು ಸರಿ ಎಂಬ ಕಡೆಗೆ ನನ್ನ ಮನಸ್ಸು ಹೆಚ್ಚು ಒಲಿಯುತ್ತದೆ.

ಇದಕ್ಕೆ ಮುಂಚೆ, ೧೯೪೩ರ ಫೆಬ್ರವರಿ ೧೩ರ ಸಂಜೆ, ಇಬ್ಬರು ಅಧಿಕಾರಿಗಳು ತ್ರೋಕ್ಮೆಯನ್ನು ಬಂಧಿಸಲು ಬಂದಿದ್ದರು. ಆತ ಮನೆಯಲ್ಲಿರಲಿಲ್ಲ. ಊಟದ ಹೊತ್ತಾಗಿತ್ತು, ಮಗ್ದಾ ಅವರನ್ನೂ ಊಟಕ್ಕೆ ಕರೆದಳು. ಗಂಡನನ್ನು ಹಿಡಿದೊಯ್ಯಲು ಬಂದವರಿಗೆ ಅನ್ನವಿಡುವುದಕ್ಕೆ ನಿಮಗೆ ಮನಸ್ಸಾದರೂ ಹೇಗೆ ಬಂತೆಂದು ಮುಂದೆ ಜನ ಕೇಳಿದಾಗ, ಊಟದ ಹೊತ್ತಾಗಿತ್ತಲ್ಲ ಎಂಬುದಕ್ಕಿಂತ ಹೆಚ್ಚಿನ ತತ್ತ್ವವನ್ನೇನೂ ಆಕೆ ಹೇಳಲಿಲ್ಲ. ಸುದ್ದಿ ಹರಡಿ ಊರಿನವರು ಒಬ್ಬೊಬ್ಬರಾಗಿ ಬಂದು ತಾವು ಕೂಡಿಟ್ಟಿದ್ದ ಬಿಸ್ಕತ್ತು, ಮೀನಿನ ಡಬ್ಬಿ, ಕಾಲುಚೀಲಗಳನ್ನು ಕೊಟ್ಟರು. ಯಾರೋ ಮೇಣದ ಬತ್ತಿಯನ್ನು ತಂದರು, ಬೆಂಕಿಪೊಟ್ಟಣವಿರಲಿಲ್ಲ, ಬಂಧಿಸಬಂದ ಅಧಿಕಾರಿಯೇ ತನ್ನದನ್ನು ತೆಗೆದಿಟ್ಟನು. ತ್ರೋಕ್ಮೆ, ತೇಯ್ಸ್, ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯ ರೋಜೆ ದಾರ್ಸಿಸಾಕ್, ಮೂವರೂ ಲಿಮೋಜ್ ಬಳಿಯ ಶಿಬಿರದಲ್ಲಿ ಸುಮಾರು ಒಂದು ತಿಂಗಳಿದ್ದರು. ಸೇನಾನಿಯ ಆ‌ಜ್ಞೆಗಳನ್ನು ಪ್ರಶ್ನಿಸದೆ ಪಾಲಿಸುತ್ತೇವೆಂಬ ಕಾಗದಕ್ಕೆ ರುಜುಮಾಡಿದರೆ ಬಿಡುಗಡೆ ಎಂದಾಗ ಪಾದ್ರಿಗಳಿಬ್ಬರೂ ಒಲ್ಲೆವೆಂದರು. ಆಮೇಲೆ ಹೇಗೋ ಬಿಡುಗಡೆಯಾಯಿತು.

ಎಲ್ಲರಿಗೂ ಹಾಗಾಗಲಿಲ್ಲ. ೧೯೪೩ರ ಜೂನ್ ೨೯ರ ಬೆಳಗ್ಗೆ ಗೆಸ್ಟಪೋ ಪೊಲೀಸರು ಮೇಸನ್ ದೆ ರೋಷ್ ಎಂಬ ವಿದ್ಯಾರ್ಥಿನಿಲಯಕ್ಕೆ ನುಗ್ಗಿದರು. ಅದರ ಮುಖ್ಯಸ್ಥ ದಾನಿಯೆಲ್ ತ್ರೋಕ್ಮೆ, ಪಾದ್ರಿಯ ದಾಯಾದಿ, ಮೂವತ್ತರ ಆಸುಪಾಸಿನ ಉಪಾಧ್ಯಾಯ, ಆಗ ತನ್ನ ಮೇಲ್ವಿಚಾರಣೆಯಲ್ಲಿದ್ದ ಇನ್ನೊಂದು ಮಕ್ಕಳ ಮನೆಯಲ್ಲಿದ್ದನು. ಕಾಡಿಗೆ ಓಡಿಹೋಗಬಹುದಾಗಿತ್ತು, ಓಡಿಹೋಗೆಂದು ಹೇಳಿದವರೂ ಇದ್ದರು. ಹುಡುಗರು ಅಲ್ಲಿರುವಾಗ ತಾನಿಲ್ಲಿರಲಾರೆನೆಂದು ನಡೆದುಕೊಂಡು ಹೋಗಿ ಸೆರೆಯಾದನು. ಸುದ್ದಿ ಕೇಳಿ ಮಗ್ದಾ ಅಡಿಗೆಯವಳಂತೆ ಒಳಹೊಕ್ಕಳು. ಕೆಲವು ದಿನಗಳ ಹಿಂದೆ ಅಲ್ಲಿಯ ಒಬ್ಬ ಸ್ಪೇನ್ ದೇಶದ ವಿದ್ಯಾರ್ಥಿ, ಹೊಳೆಯಲ್ಲಿ ಮುಳುಗುತ್ತಿದ್ದ ಜರ್ಮನ್ ಸಿಪಾಯಿಯನ್ನು ಉಳಿಸಿದ್ದನು. ಸಿಪಾಯಿಗಳ ವಸತಿಗೃಹಕ್ಕೆ ಓಡಿ, ಅದಕ್ಕೆ ಸಾಕ್ಷಿ ಹೇಳಿಸಿ, ಆ ಒಬ್ಬನನ್ನು ಬಿಡಿಸಿದಳು. ದಾನಿಯೆಲನನ್ನೂ ೧೮ ವಿದ್ಯಾರ್ಥಿಗಳನ್ನೂ ಕೊಂಡೊಯ್ದರು. ವಿದ್ಯಾರ್ಥಿಗಳಲ್ಲಿ ಕೆಲವರು ಮರಣಶಿಬಿರದಿಂದ ಬರಲಿಲ್ಲ. ದಾನಿಯೆಲ್ ೧೯೪೪ರ ಏಪ್ರಿಲಿನಲ್ಲಿ ಪೋಲೆಂಡಿನ ಮೈದಾನೆಕ್ ಶಿಬಿರದಲ್ಲಿ ಸತ್ತನು. ಈ ಊರಿಗೆ ಕೆಲಸಕ್ಕೆ ಬರುವ ಮೊದಲು ಆತ ತಂದೆತಾಯಿಗಳಿಗೆ ಬರೆದ ಪತ್ರದಲ್ಲಿ, ತನಗೆ ತನ್ನ ಬಗ್ಗೆ ನಾಚಿಕೆಯಾಗದಿರಲೆಂದು ಈ ದಾರಿ ಹಿಡಿದೆನೆಂಬ ಮಾತಿದೆ. ಊರಿನ ವೈದ್ಯ ರೋಜೆ ಲ ಫೊರೆಸ್ತಿಯೆ, ಆಫ್ರಿಕದ ಲಾಂಬರೇನೆಯಲ್ಲಿ ಶ್ವೈಟ್ಸರ್ ಮಹಾಶಯನ ಬಳಿ ಕೆಲಸ ಮಾಡಿ ಬಂದವನು, ೧೯೪೪ರ ಆಗಸ್ಟ್ ೨೦ರಂದು ಲಿಯೋನ್ ಸಮೀಪದ ಸೇಂಟ್ ಜೆನಿ ಲಾವಾಲ್ ಎಂಬಲ್ಲಿ ನೂರಕ್ಕೆ ಮೇಲ್ಪಟ್ಟ ಸೆರೆಯಾಳುಗಳೊಡನೆ ಗುಂಡಿಗೆ ಬಲಿಯಾದನು. ಇನ್ನೆರಡು ವಾರಗಳೊಳಗೆ ಆ ಬೆಟ್ಟಕ್ಕೆ ಬಿಡುಗಡೆ ಬಂತು.

ಪ್ರೀತಿ ಗೆಲ್ಲುತ್ತದೆಂದು ಹೇಳಿ ಈ ಎರಡು ಸಾವುಗಳನ್ನು ಕಥೆಯ ಅಂಚಿಗೆ ಸರಿಸಿಬಿಡುವವರುಂಟು. ಕೊನೆಯವರೆಗೂ ಆಯುಧವನ್ನು ಮುಟ್ಟಲೊಲ್ಲದ ಊರಿನಲ್ಲಿಯೇ, ಕಾಡಿನ ಗೆರಿಲ್ಲಾ ಪಡೆಗಳನ್ನು ಸೇರಿದ ತರುಣರೂ ಇದ್ದರು. ಆತ್ಮದ ಆಯುಧಗಳಿಂದ ಮಾತ್ರವೇ ಊರು ಉಳಿಯಿತೆನ್ನುವುದು ಅವರಿಗೆ ನ್ಯಾಯ ಮಾಡಿದಂತಾಗುವುದಿಲ್ಲ. ಜಿಲ್ಲಾಧಿಕಾರಿ ಕಣ್ಣು ಮುಚ್ಚಿದ್ದನೆ, ಲ ಪ್ಯುಯಿ ಪಟ್ಟಣದಲ್ಲಿದ್ದ ಜರ್ಮನ್ ಸೇನಾಧಿಕಾರಿ ತಿಳಿದೂ ಸುಮ್ಮನಿದ್ದನೆ ಎಂಬ ಚರ್ಚೆಯೂ ಇದೆ. ೧೯೭೯ರಲ್ಲಿ ಅಮೆರಿಕದ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಫಿಲಿಪ್ ಹ್ಯಾಲಿ ಬರೆದ ಪುಸ್ತಕದಿಂದ ಶಾಂಬೋನಿನ ಹೆಸರು ಲೋಕಕ್ಕೆ ತಿಳಿಯಿತು. ಅದು ತ್ರೋಕ್ಮೆ ದಂಪತಿಗಳನ್ನೇ ನಡುವೆ ನಿಲ್ಲಿಸಿತೆಂದು ನೆರೆಯೂರುಗಳವರು ಮುನಿದರು. ಅವರ ಮುನಿಸಿಗೆ ಕಾರಣವಿತ್ತು. ಜೆರೂಸಲೇಮಿನ ಯಾದ್ ವಾಶೆಮ್ ಸ್ಮಾರಕಸಂಸ್ಥೆಯು ೧೯೯೦ರಲ್ಲಿ ಶಾಂಬೋನಿಗೂ ಸುತ್ತಲಿನ ಊರುಗಳಿಗೂ ಒಟ್ಟಾಗಿಯೇ ಗೌರವ ಸಲ್ಲಿಸಿತು. ೨೦೧೩ರಲ್ಲಿ ಊರಿನಲ್ಲಿ ಒಂದು ಸ್ಮಾರಕಭವನ ತೆರೆಯಿತು.

ಅಲ್ಲಿ ಆಶ್ರಯ ಪಡೆದ ಯೆಹೂದ್ಯರು ಎಷ್ಟು ಮಂದಿ? ೫,೦೦೦ ಎಂದು ಬಹುಕಾಲ ಹೇಳುತ್ತಿದ್ದರು. ಅಷ್ಟಿರಲಾರದು, ಅದರ ಒಂದಂಶವಿದ್ದೀತು ಎಂದು ಆಮೇಲಿನ ಚರಿತ್ರಕಾರರು ಕೆಲವರು ವಾದಿಸಿದ್ದಾರೆ. ಬಂದವರಲ್ಲಿ ಹಲವರು ಒಂದು ರಾತ್ರಿಯಿದ್ದು ಗಡಿಯ ಕಡೆಗೆ ಹೋದವರು, ಕೆಲವರು ನಾಲ್ಕು ವರ್ಷ ನಿಂತವರು. ಎಲ್ಲರ ಚೀಟಿಯ ಮೇಲೂ ಬೇರೆಯ ಹೆಸರು. ರೈತರ ಮನೆಗಳಲ್ಲಿ ಹುಡುಕಿದರೆ ಆಲೂಗೆಡ್ಡೆ, ಹಾಲು, ಸೌದೆಗಳ ಲೆಕ್ಕ ಸಿಕ್ಕೀತು. ಬಂದವರ ಪಟ್ಟಿ ಸಿಕ್ಕುವುದಿಲ್ಲ. ಯಾರೂ ಅದನ್ನು ಬರೆದಿಡಲಿಲ್ಲ.